ಸರ್ಕಾರದ ಗಮನಕ್ಕೆ ಬಂದಿದೆಯೇ?

ಅಧಿವೇಶನ ನಡೆಯುವ ದಿನಗಳಲ್ಲಿ ಪತ್ರಿಕೆಗಳ ತುಂಬ ಗದ್ದಲ, ಧರಣಿ, ಸಭಾತ್ಯಾಗದ ಸುದ್ದಿ ಇರುತ್ತದೆ. ಅದೇ ದಿನ ಸದನದಲ್ಲಿ ಮಂಡನೆಯಾದ ಲಿಖಿತ ಉತ್ತರಗಳ ಕಟ್ಟನ್ನು ಬಿಚ್ಚಿ ನೋಡುವವರು ಕಡಿಮೆ. ನನಗೆ ಅದನ್ನು ಓದುವ ಅಭ್ಯಾಸ ಬಹಳ ಹಿಂದೆಯೇ ಅಂಟಿಕೊಂಡಿದೆ. ಅದರಲ್ಲೂ ಕೃಷಿ, ತೋಟಗಾರಿಕೆ, ಮೀನುಗಾರಿಕೆ ಮಂತ್ರಿಗಳ ಉತ್ತರ ಕೈಗೆ ಸಿಕ್ಕರೆ ಬಿಡುವುದಿಲ್ಲ. ಹಾಳೆಯ ತಲೆಯಲ್ಲಿ ಪ್ರಶ್ನೆಯ ಸಂಖ್ಯೆ, ಅದಕ್ಕೆ ಚುಕ್ಕೆ ಗುರುತು ಇದೆಯೋ ಇಲ್ಲವೋ ಎಂಬ ವಿವರ, ಮಾನ್ಯ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಗೆರೆ ಹೊಡೆದ ಅಂಕಣಗಳು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ಒಡೆದಿರುತ್ತಾರೆ. ಇಂಥ ತಾಲ್ಲೂಕಿನಲ್ಲಿ ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳು ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಎಡಗಡೆ ಇದ್ದರೆ, ಬಲಗಡೆ ಒಂದೇ ಮಾತು: ಬಂದಿದೆ.

ಆ ಒಂದು ಮಾತು ಸಣ್ಣದೆಂದು ನನಗೆ ಯಾವತ್ತೂ ಅನಿಸಿಲ್ಲ. ಮಂತ್ರಿ ಸಹಿ ಹಾಕಿ ಸದನದ ಮುಂದೆ ಇಟ್ಟ ಮೇಲೆ, ನಮಗೆ ಗೊತ್ತೇ ಇರಲಿಲ್ಲ ಎಂದು ಯಾವ ಇಲಾಖೆಯೂ ಹೇಳುವ ಹಾಗಿಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆಗೋ ಶೃಂಗೇರಿ, ಕೊಪ್ಪದ ಕಡೆಗೋ ಹೋಗಿ ಬಂದವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಸೋಗೆಯ ತುದಿಯಿಂದ ಹಳದಿ ಏರುತ್ತದೆ, ಎಳೆಕಾಯಿ ಉದುರುತ್ತದೆ, ಉಳಿದ ಕಾಯಿಯ ತಿರುಳು ಕಪ್ಪಾಗುತ್ತದೆ. ಮರ ಒಂದೇ ಸಲ ಸಾಯುವುದಿಲ್ಲ. ವರ್ಷ ವರ್ಷ ಮಂಡೆ ಸಣ್ಣದಾಗುತ್ತಾ ಹೋಗುತ್ತದೆ. 1914ರಷ್ಟು ಹಿಂದೆಯೇ ಕೇರಳದಲ್ಲಿ ಗುರುತಿಸಿದ ರೋಗ ಇದು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಹಿಡಿದ ಮರವನ್ನು ಗುಣಮಾಡುವ ಮದ್ದು ಸಿಕ್ಕಿಲ್ಲ. ತಂದೆ ನೆಟ್ಟ ತೋಟವನ್ನು ಮಗ ಕಡಿಸಿ ಹಾಕಿದ ಮನೆಗಳಿವೆ. ಅಂಥ ಮನೆಯವರಿಗೆ ‘ಬಂದಿದೆ’ಯ ಮುಂದಿನ ಸಾಲು ಬೇಕು. ಅಲ್ಲಿ ಬಹಳ ಸಲ ಇರುವುದು ‘ಪರಿಶೀಲನೆಯಲ್ಲಿದೆ’, ಇಲ್ಲವೇ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’.

ಓದಬೇಕಾದದ್ದು ಈ ಅನುಬಂಧಗಳನ್ನೇ. ಬೆಳೆಹಾನಿ ಪರಿಹಾರದ ಪಟ್ಟಿ ನೋಡಿ. ಕೇಂದ್ರದ ವಿಪತ್ತು ಪರಿಹಾರ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಿತಿ. 2022ಕ್ಕೆ ಮೊದಲು ಇದು 6,800 ಇತ್ತು. ಸದನದಲ್ಲಿ ಕೇಳುವಾಗ 8,500 ಒಂದು ಮೊತ್ತದ ಹಾಗೆಯೇ ಕೇಳಿಸುತ್ತದೆ. ನಮ್ಮ ರೈತರು ಹೆಕ್ಟೇರಿನಲ್ಲಿ ಲೆಕ್ಕ ಹಾಕುವುದಿಲ್ಲ, ಎಕರೆ ಗುಂಟೆಯಲ್ಲಿ ಹಾಕುತ್ತಾರೆ. ಎಕರೆಗೆ ಇಳಿಸಿದರೆ ಅದು ಸುಮಾರು 3,440 ರೂಪಾಯಿ. ಗುಂಟೆಗೆ ಇಳಿಸಿದರೆ 86. ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆ, ಕಳೆ ತೆಗೆಸಿದ ಕೂಲಿ ಎಲ್ಲ ಕಳೆದುಕೊಂಡವನ ಕೈಗೆ ಗುಂಟೆಗೆ 86 ರೂಪಾಯಿ. ‘ಎಕರೆಗೆ ಎಷ್ಟು, ಬಿತ್ತನೆಗೆ ತಗಲಿದ ಖರ್ಚಿನಲ್ಲಿ ಅದು ಎಷ್ಟನೇ ಪಾಲು’ ಎಂದು ಯಾರಾದರೂ ಶಾಸಕರು ಎದ್ದು ನಿಂತು ಕೇಳಿದರೆ ಉತ್ತರದ ಬಣ್ಣವೇ ಬೇರೆಯಾಗುತ್ತದೆ.

ಕೇಳಿದ್ದರಿಂದ ಏನೂ ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2021ರಲ್ಲಿ ಅಕಾಲಿಕ ಮಳೆಗೆ ಬೆಳೆ ಕೊಳೆತು ಹೋದ ವರ್ಷ, ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕೇಂದ್ರದ 6,800ಕ್ಕೆ ರಾಜ್ಯದಿಂದ ಅಷ್ಟೇ ಸೇರಿಸಿ 13,600 ಕೊಡುವುದಾಗಿ ಸದನದಲ್ಲೇ ಪ್ರಕಟಿಸಿದರು. ನೀರಾವರಿ ಬೆಳೆಗೂ ತೋಟದ ಬೆಳೆಗೂ ಹೆಚ್ಚಿಸಿದರು. ಸಾಲದ್ದಿರಬಹುದು; ಆದರೆ ಸದನದಲ್ಲಿ ಆಡಿದ ಮಾತಿಗೆ ಲೆಕ್ಕ ಇಡುವವರಿದ್ದಾರೆ. ಮಂತ್ರಿಗಳು ‘ಮಾಡುತ್ತೇವೆ’ ಎಂದದ್ದನ್ನು ಹೆಕ್ಕಿ ತೆಗೆದು, ಮಾಡಿದಿರಾ ಎಂದು ಕೇಳುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಈ ಸಮಿತಿ 1953ರಿಂದ ಇದೆ.

ಕೇಳುವ ಹಕ್ಕು ನಮಗೆ ಬಂದ ದಾರಿ ದೊಡ್ಡದು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಅದಾದ ಕೆಲವೇ ವರ್ಷಕ್ಕೆ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಶುರು ಮಾಡಿದರು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಜಮೀನುದಾರರೂ ವರ್ತಕರೂ ಮೈಸೂರಿಗೆ ಬಂದು, ದಿವಾನರು ವರ್ಷದ ಆಡಳಿತದ ಬಗ್ಗೆ ಹೇಳುವುದನ್ನು ಕೇಳಿಸಿಕೊಂಡು, ತಮ್ಮ ಊರಿನ ಕಷ್ಟವನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಕೆರೆ ಒಡೆದದ್ದು, ಕಂದಾಯ ಹೆಚ್ಚಾದದ್ದು ಬಾಯಿಬಿಟ್ಟು ಹೇಳಬಹುದಿತ್ತು, ಅಷ್ಟೇ. ಬ್ರಿಟಿಷ್ ಇಂಡಿಯಾದ ಶಾಸನ ಪರಿಷತ್ತುಗಳಲ್ಲಿ ಪ್ರಶ್ನೆ ಕೇಳಲು ಅವಕಾಶ ಸಿಕ್ಕಿದ್ದು 1892ರ ಕಾಯ್ದೆಯಿಂದ. ಉತ್ತರದ ಬೆನ್ನಿಗೇ ಉಪಪ್ರಶ್ನೆ ಕೇಳಲು 1909ರವರೆಗೆ ಕಾಯಬೇಕಾಯಿತು. ಆ ಹದಿನೇಳು ವರ್ಷ ಸರ್ಕಾರ ಏನು ಉತ್ತರ ಕೊಟ್ಟರೂ ಕೇಳಿಸಿಕೊಂಡು ಕೂರಬೇಕಾಗಿತ್ತು.

ಉಪಪ್ರಶ್ನೆಯೇ ಈ ಇಡೀ ವ್ಯವಸ್ಥೆಯ ಜೀವ. ಬರೆದು ತಂದ ಉತ್ತರವನ್ನು ಯಾವ ಮಂತ್ರಿಯೂ ಓದಬಲ್ಲರು. ಮುಂದಿನ ಪ್ರಶ್ನೆಗೆ ಅವರು ವಿಷಯ ಬಲ್ಲವರಾಗಿರಬೇಕು, ಇಲ್ಲವೇ ಅಧಿಕಾರಿಗಳ ಸಾಲಿನಿಂದ ಚೀಟಿ ಬರಬೇಕು. ಲೋಕಸಭೆಯಲ್ಲಿ ದಿನಕ್ಕೆ ಇಪ್ಪತ್ತು ಚುಕ್ಕೆ ಪ್ರಶ್ನೆ, ಎಂದರೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದವು, ಪಟ್ಟಿಯಲ್ಲಿರುತ್ತವೆ. ಒಂದು ಗಂಟೆಯಲ್ಲಿ ನಾಲ್ಕೈದು ಮುಗಿದರೆ ಹೆಚ್ಚು. ಇಪ್ಪತ್ತೂ ಮುಗಿದ ದಿನವೊಂದಿದೆ: 2019ರ ನವೆಂಬರ್ 27. ಅಂಥದ್ದು 1972ರ ನಂತರ ಅದೇ ಮೊದಲು. ಮರುವರ್ಷ, ಕೋವಿಡ್ ಕಾಲದ ಮುಂಗಾರು ಅಧಿವೇಶನದಲ್ಲಿ, ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಲಿಖಿತ ಉತ್ತರಗಳು ಬಂದವು, ಎದ್ದು ನಿಂತು ಕೇಳುವುದು ನಿಂತಿತು. ಮೂರು ಕೃಷಿ ಮಸೂದೆಗಳು ಸಂಸತ್ತಿನಲ್ಲಿ ಅಂಗೀಕಾರವಾದದ್ದು ಅದೇ ಅಧಿವೇಶನದಲ್ಲಿ. ಆ ಕಾಯ್ದೆಗಳ ಒಳಿತು ಕೆಡುಕಿನ ಬಗ್ಗೆ ಏನೇ ಅಭಿಪ್ರಾಯ ಇರಲಿ, ದೇಶದ ರೈತರೆಲ್ಲರ ಬದುಕಿಗೆ ತಗಲುವ ಮಾತು ಬಂದಾಗ ಕೃಷಿ ಮಂತ್ರಿಗೆ ಒಂದು ಉಪಪ್ರಶ್ನೆ ಹಾಕುವ ಅವಕಾಶ ಸದಸ್ಯರಿಗೆ ಇರಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಮುಂದೆ ದಿಲ್ಲಿಯ ಗಡಿಯಲ್ಲಿ ವರ್ಷಕ್ಕೂ ಮಿಕ್ಕಿ ಧರಣಿ ನಡೆಯಿತು, ಕಾಯ್ದೆಗಳು ವಾಪಸಾದವು. ಆ ಹೋರಾಟದಲ್ಲಿ ಸತ್ತ ರೈತರ ಕುಟುಂಬಕ್ಕೆ ನೆರವು ಕೊಡುತ್ತೀರಾ ಎಂದು ಲೋಕಸಭೆಯಲ್ಲಿ ಕೇಳಿದಾಗ, ತನ್ನ ಬಳಿ ಅದರ ದಾಖಲೆ ಇಲ್ಲ, ಹಾಗಾಗಿ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಕೃಷಿ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಮನೆಯ ಯಜಮಾನನನ್ನು ಕಳೆದುಕೊಂಡವರು ಆ ಸಾಲನ್ನು ಓದಿರುತ್ತಾರೆ. ದಾಖಲೆ ಇಲ್ಲದಿದ್ದರೆ ತರಿಸಿಕೊಳ್ಳುವುದು ಉತ್ತರಿಸುವವರ ಕರ್ತವ್ಯ.

ಹಾಗೆ ದಾಖಲೆ ತರಿಸಿಕೊಳ್ಳುವುದು ಹೇಗೆ ನಡೆಯುತ್ತದೆ ಎಂಬುದನ್ನು ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದ ಗೆಳೆಯರೊಬ್ಬರು ವಿವರಿಸಿದ್ದರು. ಶಾಸಕರ ಪ್ರಶ್ನೆ ಸಚಿವಾಲಯದಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಂಟಿ ನಿರ್ದೇಶಕರಿಗೆ, ಅಲ್ಲಿಂದ ತಾಲ್ಲೂಕಿಗೆ ಇಳಿದು ಕೊನೆಗೆ ರೈತ ಸಂಪರ್ಕ ಕೇಂದ್ರದ ಮೇಜಿಗೆ ಬರುತ್ತದೆ. ಮೇಲೆ ಕೆಂಪು ಶಾಯಿಯಲ್ಲಿ ‘ಅತಿ ತುರ್ತು, ಎಲ್‌ಎ ಪ್ರಶ್ನೆ’. ಸಂಜೆಯೊಳಗೆ ಮಾಹಿತಿ ಹೋಗಬೇಕು. ಅವತ್ತು ಬೀಜ ವಿತರಣೆಯ ಸಾಲು ಎಷ್ಟುದ್ದ ಇದ್ದರೂ ಒಬ್ಬರು ಕಂಪ್ಯೂಟರಿನ ಮುಂದೆ ಕೂತರೆ ಏಳುವಂತಿಲ್ಲ. ಗೆಳೆಯರು ಹೇಳಿದ ಒಂದು ಮಾತನ್ನು ನಾನು ಮರೆತಿಲ್ಲ. “ನೋಡಿ ಸ್ವಾಮಿ, ‘ಕೈಗೊಂಡ ಕ್ರಮಗಳೇನು’ ಅಂತ ಕೇಳಿದ್ರೆ ಹೋದ ವರ್ಷದ ಪ್ಯಾರಾ ತೆಗೆದು ಹಾಕಿದ್ರೆ ಮುಗೀತು. ‘ಇಂಥ ಹೋಬಳಿಯಲ್ಲಿ ತೊಗರಿಗೆ ನೆಟೆ ರೋಗ ಬಂದ ಹೊಲ ಎಷ್ಟು, ಯಾವ ತಾರೀಕು ನೋಡಿದಿರಿ’ ಅಂದ್ರೆ ನಾವು ಬೈಕ್ ಹತ್ತಲೇಬೇಕಿತ್ತು.”

ಪ್ರಶ್ನೆ ಬರೆಯುವುದು ಒಂದು ಕೆಲಸಗಾರಿಕೆ ಎಂದು ನಾನು ನಂಬಿರುವುದು ಅಲ್ಲಿಂದ. ಮಂತ್ರಿಯ ಉತ್ತರ ಸಪ್ಪೆಯಾಗಿದೆ ಎಂದು ನಾವು ಬೈಯುತ್ತೇವೆ. ಪ್ರಶ್ನೆಯನ್ನೂ ಒಮ್ಮೆ ಓದಿ ನೋಡಬೇಕು. ಹೊಲ ಬಲ್ಲವರು, ಕಡಲು ಬಲ್ಲವರು ಪಕ್ಕದಲ್ಲಿ ಕೂತು ಬರೆಸಿದ ಪ್ರಶ್ನೆಗೆ ಒಂದು ಹರಿತ ಇರುತ್ತದೆ. ಕಾಗೋಡಿನ ಗೇಣಿದಾರರ ಜೊತೆ ಹೋರಾಟಕ್ಕಿಳಿದು ಜೈಲು ಕಂಡು 1952ರಲ್ಲಿ ವಿಧಾನಸಭೆಗೆ ಬಂದ ಶಾಂತವೇರಿ ಗೋಪಾಲಗೌಡರ ಮಾತಿಗೆ ಸದನ ಕಿವಿಗೊಡುತ್ತಿದ್ದದ್ದು ಅವರಿಗೆ ಗೇಣಿಯ ಕೊಳಗದ ಲೆಕ್ಕ ಗೊತ್ತಿದ್ದರಿಂದ.

ಕಡಲಿನ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಸಂವಿಧಾನದಲ್ಲಿ ಕೃಷಿಯಂತೆ ಮೀನುಗಾರಿಕೆಯೂ ರಾಜ್ಯದ ಪಟ್ಟಿಯಲ್ಲಿದೆ. ಆದರೆ ದಡದಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರ್ ದಾಟಿದರೆ ಅದು ಕೇಂದ್ರದ್ದು. ಬಂಗುಡೆಗೂ ಬೂತಾಯಿಗೂ ಆ ಗೆರೆ ಗೊತ್ತಿಲ್ಲ. ಆ ಮೀನುಗಳ ಹಿಂದೆ ಹೋಗುವ ಬೋಟಿಗೆ ಗೊತ್ತಿದ್ದರೂ ನಿಲ್ಲಲಾಗುವುದಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಬೋಟು ಕರ್ನಾಟಕದ್ದು, ಕೊನೆಯ ಸಂಪರ್ಕ ಸಿಕ್ಕಿದ್ದು ಮಹಾರಾಷ್ಟ್ರದ ಕಡಲಿನ ಕಡೆ, ಹುಡುಕಬೇಕಾದವರು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ. ಯಾವ ಮಂತ್ರಿಯನ್ನು ಕೇಳಬೇಕು? ಆ ಮನೆಗಳವರು ಎಲ್ಲರನ್ನೂ ಕೇಳಿದರು, ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದು ಕೇಳಿದರು. 2019ರ ಮೇ ಆರಂಭದಲ್ಲಿ ಐಎನ್ಎಸ್ ನಿರೀಕ್ಷಕ್ ಹಡಗು ಮಾಲ್ವಣದ ಆಚೆ ಕಡಲತಳದಲ್ಲಿ ಬೋಟಿನ ಅವಶೇಷ ಕಂಡಿತು. ಜನ ಸಿಗಲಿಲ್ಲ.

ಅದೇ ವರ್ಷ ಕೇಂದ್ರದಲ್ಲಿ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆಗೆ ಪ್ರತ್ಯೇಕ ಸಚಿವಾಲಯ ಬಂತು. ಅದಕ್ಕೆ ಮುಂಚೆ ಮೀನಿನ ಪ್ರಶ್ನೆಗಳಿಗೆ ಸಂಸತ್ತಿನಲ್ಲಿ ಉತ್ತರ ಕೊಡುತ್ತಿದ್ದದ್ದು ಕೃಷಿ ಸಚಿವಾಲಯ. ಈಗ ಮತ್ಸ್ಯ ಸಂಪದ ಯೋಜನೆಯಡಿ ಒಂದು ಲಕ್ಷ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರನ್ನು ಉಚಿತವಾಗಿ ಅಳವಡಿಸುವ ಕೆಲಸ 2024ರಲ್ಲಿ ಶುರುವಾಗಿದೆ. ಅದಕ್ಕೆ ಇಟ್ಟ ಹಣ 364 ಕೋಟಿ. ಮೊಬೈಲ್ ಸಿಗ್ನಲ್ ಸಿಗದ ಕಡೆಯಿಂದಲೂ ಉಪಗ್ರಹದ ಮೂಲಕ ಅಪಾಯದ ಸುದ್ದಿ ಕಳಿಸುವ ಸಾಧನ ಅದು. ನನಗೆ ಈ ಯೋಜನೆಯ ಮೇಲೆ ಬಹಳ ಆಸೆ ಇದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಆ ರಜೆಯ ದಿನಗಳಲ್ಲಿ ಮಲ್ಪೆಯ ಧಕ್ಕೆಗೆ ಹೋಗಿದ್ದೆ. ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಟಾರ್ಪಾಲಿನ ಅಡಿ ನಾಲ್ಕು ಜನ ಬಲೆ ರಿಪೇರಿಗೆ ಕೂತಿದ್ದರು. ಬೋಟು ನಡೆಸುವ ವಯಸ್ಸಾದ ತಾಂಡೇಲರೊಬ್ಬರು ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿ ಬಿಗಿಹಿಡಿದು, ಹರಿದ ಕಣ್ಣಿಗೆ ನೂಲು ಹಾಕುತ್ತಿದ್ದರು. ಒಂದೊಂದು ಗಂಟು ಹಾಕಿದ ಮೇಲೂ ಕಣ್ಣಿನ ಅಳತೆಯನ್ನು ಬೆರಳಿಟ್ಟು ನೋಡುತ್ತಿದ್ದರು. ನಾನು ಟ್ರಾನ್ಸ್‌ಪಾಂಡರಿನ ಮಾತು ತೆಗೆದೆ, ಸಂಸತ್ತಿನಲ್ಲಿ ಕೇಳುವುದಾದರೆ ಏನು ಕೇಳಬೇಕು ತಾಂಡೇಲರೇ ಎಂದೆ.

“ಎಷ್ಟು ಕೊಟ್ಟಿದ್ದೀರಿ ಅಂತ ಕೇಳಿದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ,” ಎಂದರು, ಕೈ ನಿಲ್ಲಿಸದೆ. “ಕೊಟ್ಟದ್ದು ಅವರ ಪಟ್ಟಿಯಲ್ಲಿ ಇರ್ತದೆ. ನಲವತ್ತು ಮಾರು ನೀರಲ್ಲಿ ರಾತ್ರಿ ಎರಡು ಗಂಟೆಗೆ ನಾನು ಬಟನ್ ಒತ್ತಿದ್ರೆ ದಡದಲ್ಲಿ ಯಾರು ಎಚ್ಚರ ಇರ್ತಾರೆ? ಎಷ್ಟು ಹೊತ್ತಲ್ಲಿ ಹೊರಡ್ತಾರೆ? ಅದನ್ನು ಕೇಳ್ಲಿಕ್ಕೆ ಹೇಳಿ.” ಪಕ್ಕದಲ್ಲಿದ್ದ ಹುಡುಗ ಸೇರಿಸಿದ: “ಕಲಾಸಿಗಳಿಗೂ ಅದನ್ನು ಒತ್ತುವುದು ಕಲಿಸಿದ್ದೀರಾ ಅಂತಲೂ ಕೇಳಿ ಸರ್. ತಾಂಡೇಲರೇ ನೀರಿಗೆ ಬಿದ್ರೆ?”

ಇಷ್ಟು ನೇರವಾದ ಪ್ರಶ್ನೆಯನ್ನು ಕಚೇರಿಯಲ್ಲಿ ಕೂತ ಯಾರೂ ಬರೆಯಲಾರರು. ಅಲ್ಲೇ ಕೂತು ಅವರು ಹೇಳಿದ್ದನ್ನು ಅ, ಆ, ಇ ಎಂದು ಒಡೆದು ಬರೆದುಕೊಂಡೆ. (ಅ) ಕರ್ನಾಟಕದ ಪ್ರತಿ ಬಂದರಿನಲ್ಲಿ ಸಾಧನ ಅಳವಡಿಸಿದ ಬೋಟುಗಳೆಷ್ಟು, ಅವುಗಳಲ್ಲಿ ಕಳೆದ ಋತುವಿನಲ್ಲಿ ಸಂದೇಶ ಕಳಿಸಿದವೆಷ್ಟು. (ಆ) ಸಂದೇಶ ಬಂದ ಗಳಿಗೆಯಿಂದ ರಕ್ಷಣಾ ಹಡಗು ಹೊರಟ ಗಳಿಗೆಯವರೆಗೆ ಹಿಡಿದ ಸಮಯವೆಷ್ಟು, ಪ್ರಕರಣವಾರು ವಿವರ ನೀಡುವುದು. (ಇ) ತಾಂಡೇಲರಲ್ಲದೆ ಉಳಿದ ಕಲಾಸಿಗಳಿಗೂ ತರಬೇತಿ ಕೊಟ್ಟಿದೆಯೇ, ಯಾವ ಭಾಷೆಯಲ್ಲಿ. ಭಾಷೆಯ ಮಾತನ್ನು ಸೇರಿಸಿದ್ದು ಮತ್ತೊಬ್ಬರು. ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗರೂ ದುಡಿಯುತ್ತಾರೆ. ಯೋಜನೆ ಕೇಂದ್ರದ್ದಾದ್ದರಿಂದ ಇದು ಸಂಸದರ ಕೈಗೆ ಹೋಗಬೇಕು, ಉತ್ತರದ ದಿನಕ್ಕೆ ಹದಿನೈದು ದಿನ ಮುಂಚೆ ಲೋಕಸಭೆಯ ಕಾರ್ಯಾಲಯ ತಲುಪಬೇಕು. ತಾಂಡೇಲರು ಮತ್ತೊಮ್ಮೆ ಓದಿಸಿ ಕೇಳಿ, ‘ಎಷ್ಟು ಹೊತ್ತು’ ಎಂಬುದನ್ನು (ಅ)ಗೆ ತರಬೇಕು, ಮೊದಲು ಅದನ್ನೇ ಕೇಳಬೇಕು ಎಂದರು. ಹಾಗೆಯೇ ತಿದ್ದಿದೆ.