ಎಡಚಿಯ ಗಿಟಾರು

ನಮ್ಮ ಕಡೆ ಹೆಣ್ಣುಮಗು ಎಡಚಿ ಎಂದು ಗೊತ್ತಾದ ಕೂಡಲೇ ನೆಂಟರಿಷ್ಟರಿಗೆಲ್ಲ ಅದರ ಮದುವೆಯ ಚಿಂತೆ ಹತ್ತಿಕೊಳ್ಳುತ್ತದೆ. "ಎಡಗೈಲಿ ಬಡಿಸಿದರೆ ಯಾರು ಉಣ್ತಾರೇ?" ಎಂದು ನಮ್ಮತ್ತೆ ಕೇಳಿದ್ದು ನನ್ನ ಎರಡನೆಯ ಮಗಳಿಗೆ ಮೂರು ವರ್ಷವಿದ್ದಾಗ. ಊಟಕ್ಕೆ, ಮಂಗಳಾರತಿಗೆ ಹೇಗೋ ಬಲಗೈ ರೂಢಿಯಾಯಿತು. ಬರೆಯುವುದು, ಹೊಲಿಯುವುದು, ರಂಗೋಲಿ ಎಳೆಯುವುದು ಎಲ್ಲ ಎಡಗೈಯೇ. ಅವಳ ಎಳೆ ನನ್ನದಕ್ಕಿಂತ ನೆಟ್ಟಗೆ ಬರುತ್ತದೆ, ಅದನ್ನೂ ಹೇಳಿಬಿಡಬೇಕು.

ಹದಿಮೂರಕ್ಕೆ ಅವಳಿಗೆ ಗಿಟಾರಿನ ಹುಚ್ಚು ಹಿಡಿಯಿತು. ಹಾಸ್ಟೆಲಿಗೆ ಹೊರಟ ಅಣ್ಣ ಬಿಟ್ಟುಹೋದ ಗಿಟಾರು ಮನೆಯಲ್ಲಿತ್ತು. ಪಾಠದ ಮೇಷ್ಟ್ರು ಮೊದಲ ದಿನವೇ, "ಕೈ ಬದಲಾಯಿಸಿಕೋ, ಇಲ್ಲದಿದ್ದರೆ ತಂತಿಯೆಲ್ಲ ತಿರುವುಮುರುವು ಕಟ್ಟಿಸಿಕೊಂಡು ಬಾ" ಎಂದರಂತೆ. ತಂತಿ ಬದಲಿಸಿದರೆ ರಜೆಗೆ ಬರುವ ಅಣ್ಣ ಸುಮ್ಮನಿದ್ದಾನೆಯೇ? ಗಿಟಾರು ಮಂಚದ ಕೆಳಗೆ ಸೇರಿತು. ಅದನ್ನು ಹೊರಗೆ ತೆಗೆಸಿದವಳು ಅಮೆರಿಕದ ಒಬ್ಬ ಅಜ್ಜಿ. ಮಗಳು ಮೊಬೈಲಿನಲ್ಲಿ ಹುಡುಕುತ್ತಾ ಹುಡುಕುತ್ತಾ ಆಕೆಯನ್ನು ಕಂಡಳು. "ಅಮ್ಮಾ, ಈ ಅಜ್ಜಿ ಗಿಟಾರನ್ನೇ ತಿರುಗಿಸಿ ಹಿಡಿದಿದ್ದಾರೆ!" ಎಂದು ಅಡುಗೆಮನೆಗೆ ಓಡಿ ಬಂದಳು.

ಆಕೆ ಎಲಿಜಬೆತ್ ಕಾಟನ್. ಉತ್ತರ ಕೆರೊಲಿನಾದ ಕಾರ್ಬರೊದಲ್ಲಿ, ಬಡ ಕಪ್ಪು ಜನರ ಮನೆಯಲ್ಲಿ 1893ರಲ್ಲಿ ಹುಟ್ಟಿದವರು. ಅಣ್ಣ ಕೆಲಸಕ್ಕೆ ಹೋದಾಗ ಅವನ ಬ್ಯಾಂಜೊ ಕದ್ದು ನುಡಿಸಿ ಕಲಿತರು. ಸಣ್ಣ ವಯಸ್ಸಿಗೇ ಮನೆಗೆಲಸಕ್ಕೆ ಸೇರಿ, ಕೂಡಿಟ್ಟ 3 ಡಾಲರ್ 75 ಸೆಂಟಿಗೆ ಸ್ವಂತ ಗಿಟಾರು ಕೊಂಡರು. ಎಡಚಿಯಾದರೂ ತಂತಿಯ ಗೋಜಿಗೆ ಹೋಗಲಿಲ್ಲ. 'ಫ್ರೈಟ್ ಟ್ರೈನ್' ಎಂಬ ಹಾಡು ಕಟ್ಟಿದಾಗ ಹನ್ನೆರಡರ ಆಸುಪಾಸು.

ಅವರ 'ವಿಲ್ಸನ್ ರಾಗ್' ಕೇಳಿದಾಗ ಇದು ಯಾವ ರಾಗ ಎಂದು ನಾನು ಕೇಳಿದ್ದಕ್ಕೆ ಮಗಳು ಬಿದ್ದು ಬಿದ್ದು ನಕ್ಕಳು. ಈ ರಾಗ್ ನಮ್ಮ ರಾಗವಲ್ಲ, ಹರುಕು ಎಂಬ ಅರ್ಥದ ಇಂಗ್ಲಿಷ್ ಮಾತು. ರಾಗ್‌ಟೈಮ್ ಎಂದರೆ ಹರುಕು ತಾಳ ಎನ್ನಬಹುದು. 1890ರ ದಶಕದಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ಬೆಳೆಸಿದ್ದು. ಸ್ಕಾಟ್ ಜಾಪ್ಲಿನ್ 1899ರಲ್ಲಿ ಪ್ರಕಟಿಸಿದ 'ಮೇಪಲ್ ಲೀಫ್ ರಾಗ್' ಇದರಲ್ಲಿ ಬಹಳ ಹೆಸರಾದದ್ದು. ಪಿಯಾನೋದ ಮೇಲೆ ಎಡಗೈ ತಪ್ಪದೆ ತಾಳ ಹಾಕುತ್ತದೆ. ಬಲಗೈ ಆ ಏಟುಗಳ ಸಂದಿಯಲ್ಲಿ ನುಸುಳಿ ಹಾಡುತ್ತದೆ. ಒನಕೆ ಎದ್ದು ಬೀಳುವುದರ ನಡುವೆ ಒರಳಿಗೆ ಕೈಹಾಕಿ ಅವಲಕ್ಕಿ ತಿರುವುತ್ತಿದ್ದ ನಮ್ಮ ಅಜ್ಜಿಯ ಕೈ ನನಗೆ ನೆನಪಾಯಿತು. ತಾಳದ ಏಟು ಬಿದ್ದ ಮೇಲೆ ಎತ್ತಿಕೊಳ್ಳುವ ಕೀರ್ತನೆಗಳನ್ನು ಕಲಿತವರಿಗೂ ಇದು ಸುಲಭವಾಗಿ ತಿಳಿದೀತು.

ಗಿಟಾರಿನಲ್ಲಿ ಕಷ್ಟ ಹೆಚ್ಚು. ಒಂದು ಕೈ ತಂತಿ ಒತ್ತುವುದರಲ್ಲೇ ಮುಗಿಯಿತು. ತಾಳ, ಹಾಡು ಎರಡೂ ಇನ್ನೊಂದೇ ಕೈಯ ಪಾಲು. ಸಾಮಾನ್ಯವಾಗಿ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದು ಏಟು ಹಾಕುತ್ತಿದ್ದರೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡುತ್ತವೆ. ಕಾಟನ್ ವಾದ್ಯ ತಿರುಗಿಸಿದ್ದರಿಂದ ದಪ್ಪ ತಂತಿ ಕೆಳಗಾಯಿತು. ತಾಳ ತೋರುಬೆರಳಿಗೆ ಬಂತು, ಹಾಡು ಹೆಬ್ಬೆರಳಿಗೆ. ಅದಕ್ಕೇ ಅವರ ನಾದ ಇನ್ನೊಬ್ಬರಂತಿಲ್ಲ. ಆ ಕೈಚಳಕಕ್ಕೆ ಈಗ ಅವರ ಹೆಸರೇ ಇದೆ.

ಮುಂದಿನದು ನಮಗೆಲ್ಲ ಗೊತ್ತಿರುವ ಕಥೆಯೇ. ಹದಿಹರೆಯದಲ್ಲಿ ಮದುವೆ, ಒಂದು ಮಗಳು. ಲೌಕಿಕ ಹಾಡು ಬೇಡ ಎಂದರು ಚರ್ಚಿನವರು. ಗಿಟಾರು ಮೂಲೆ ಸೇರಿ ದಶಕಗಳೇ ಕಳೆದವು. ನನ್ನ ವೀಣೆಯೂ ಮದುವೆಯಾದ ಮೇಲೆ ಹಳೆಯ ಸೀರೆ ಸುತ್ತಿಕೊಂಡು ಅಟ್ಟದ ಮೇಲೆ ಕೂತಿದೆ. ಅದಕ್ಕೆ ಚರ್ಚಿನವರೇನೂ ಬೇಕಾಗಲಿಲ್ಲ.

1940ರ ದಶಕದ ಕೊನೆಗೆ ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ದಾರಿ ತಪ್ಪಿದ ಮಗುವನ್ನು ತಾಯಿಗೆ ಒಪ್ಪಿಸಿದರು. ಆ ತಾಯಿ ಸಂಗೀತ ರಚನೆಕಾರ್ತಿ ರೂತ್ ಕ್ರಾಫರ್ಡ್ ಸೀಗರ್. ಅವರ ಮನೆಗೆಲಸಕ್ಕೆ ಸೇರಿದ ಕಾಟನ್, ಗೋಡೆಗೆ ತೂಗುಹಾಕಿದ್ದ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡರು. ಅರವತ್ತು ದಾಟಿದ ಮೇಲೆ, 1958ರಲ್ಲಿ, ಮೊದಲ ರೆಕಾರ್ಡು ಬಂತು. ಅದಕ್ಕೆ ಮೊದಲೇ 1957ರಲ್ಲಿ 'ಫ್ರೈಟ್ ಟ್ರೈನ್' ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು, ಬೇರೆಯವರ ಹೆಸರಿನಲ್ಲಿ! ತನ್ನ ಹಾಡು ತನ್ನದೆನಿಸಿಕೊಳ್ಳಲು ಆಕೆ ಕಾಯಬೇಕಾಯಿತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು, 1987ರಲ್ಲಿ ತೀರಿಕೊಂಡರು.

ನನಗೆ ಪ್ರಶಸ್ತಿಗಿಂತ ಇಷ್ಟವಾದದ್ದು 'ಶೇಕ್ ಶುಗರೀ' ಎಂಬ ಹಾಡು ಹುಟ್ಟಿದ ಬಗೆ. ಮರಿಮಕ್ಕಳನ್ನು ಕೂರಿಸಿಕೊಂಡು ಒಬ್ಬೊಬ್ಬರಿಂದ ಒಂದೊಂದು ಚರಣ ಕಟ್ಟಿಸಿದರಂತೆ. ರೆಕಾರ್ಡಿಗೆ ಹಾಡಿದವಳೂ ಹನ್ನೆರಡು ವರ್ಷದ ಮರಿಮಗಳೇ.

ಈಗ ನಮ್ಮವಳು ತನ್ನದೇ ಒಂದು ರಾಗ್ ಕಟ್ಟುತ್ತಿದ್ದಾಳೆ. ಅಣ್ಣನ ಗಿಟಾರು, ತಂತಿ ಇದ್ದಂತೆಯೇ ಇದೆ. ಮೊದಲ ಎರಡು ಸಾಲು ಚೆನ್ನಾಗಿ ಕೂತಿವೆ, ಮೂರನೆಯದು ಎಷ್ಟು ಎಳೆದರೂ ತಾಳಕ್ಕೆ ಬರುತ್ತಿಲ್ಲ. ನಾನು ತೊಡೆ ತಟ್ಟಿ ಸಹಾಯಕ್ಕೆ ಹೋದರೆ, "ಅಮ್ಮಾ, ನೀನು ಸುಮ್ಮನಿರು. ತಾಳ ನನ್ನ ತೋರುಬೆರಳಲ್ಲಿದೆ" ಎನ್ನುತ್ತಾಳೆ.