ತೂಪ್ರದ ಚೇಗು, ಊಟಿಯ ಮೇಜು

ಶಾಗ್ಯದ ನಮ್ಮ ಜಗುಲಿಯಲ್ಲಿ ಅಕ್ಕನ ಮಗ ಉದ್ದನೆಯ ಪೆಟ್ಟಿಗೆ ಬಿಚ್ಚಿ ತನ್ನ ಸ್ನೂಕರ್ ಕ್ಯೂ ಹೊರತೆಗೆದಾಗ ಮೊದಲು ಕೈ ಚಾಚಿದವರು ಪಕ್ಕದ ಮನೆಯ ಆಚಾರ್ರು. ಒಂದು ಕಣ್ಣು ಮುಚ್ಚಿ ತುದಿಯಿಂದ ಬುಡದವರೆಗೆ ನೋಟ ಹರಿಸಿದರು. ಕರ್ರಗಿನ ಹಿಡಿಯನ್ನು ಉಗುರಿಂದ ತಟ್ಟಿ, “ತೂಪ್ರದ ಚೇಗು ಕಣ್ಲಾ” ಅಂದರು.

“ಎಬೊನಿ ತಾತ, ಆಫ್ರಿಕಾದ್ದು.”

“ಅದ್ರ ದಾಯಾದಿನೇ ನಮ್ ಬೆಟ್ದಲ್ಲಿ ಹಣ್ಣು ಬುಡೋದು.”

ಅವರು ಹೇಳಿದ್ದು ಸರಿ. ತೂಪ್ರವೂ ಎಬೊನಿಯೂ ಒಂದೇ ಕುಲದ ಮರಗಳು. ನಾವು ಹಣ್ಣು ತಿಂದು ಬೀಜ ಉಗಿದ ಮರದ ಬಳಗ ಹೀಗೆ ಮಖಮಲ್ಲು ಹೊದಿಸಿದ ಪೆಟ್ಟಿಗೆಯಲ್ಲಿ ಮಲಗಿರುತ್ತದೆಂದು ಯಾರು ಎಣಿಸಿದ್ದರು!

ಬೆಳಗ್ಗೆ ಊಟಿಗೆ ಹೊರಟೆವು. ಹನೂರು, ಕೊಳ್ಳೇಗಾಲ, ಚಾಮರಾಜನಗರ ಹಿಂದೆ ಸರಿದವು. ಅಳಿಯನ ಬಾಯಿಗೆ ಮಾತ್ರ ಬಿಡುವಿಲ್ಲ. ಬೆಂಗಳೂರಿನ ಪಂಕಜ್ ಅಡ್ವಾಣಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದದ್ದನ್ನು ಕೇಳಿ ಈ ಆಟಕ್ಕೆ ಬಿದ್ದವನು ಅವನು. ಕ್ಯೂ ಉದ್ದ ನಾಲ್ಕು ಮುಕ್ಕಾಲು ಅಡಿ, ತೂಕ ಅರ್ಧ ಕೆ.ಜಿ. ಆಸುಪಾಸು. ಮುಂಭಾಗ ತಂಪು ದೇಶದ ಆಶ್ ಮರ. ಅದರ ನಾರು ಬಾಣದ ಗುರುತುಗಳಂತೆ ಒಂದರ ಹಿಂದೊಂದು ನೆಟ್ಟಗೆ ಸಾಲುಗಟ್ಟಿರಬೇಕು. ಅಂಥ ಹಲಗೆ ಸಿಕ್ಕರೂ ಅವಸರ ಸಲ್ಲದು. ವರ್ಷಗಟ್ಟಲೆ ಒಣಗಿಸಿ, ಲೇತಿಗೆ ಕೊಟ್ಟು ಚೂರು ಕಡೆದು, ಮತ್ತೆ ಎತ್ತಿಡಬೇಕು. ಒಳಗಿನ ಬಿಗುವು ಸಡಿಲವಾಗಿ ಮರ ಬಾಗುವುದಿದ್ದರೆ ಆಗಲೇ ಬಾಗಲಿ ಎಂದು. ಬಾಗಿದ್ದು ಕಸಕ್ಕೆ, ನೆಟ್ಟಗುಳಿದದ್ದು ಮುಂದಿನ ಸುತ್ತಿಗೆ.

ನನ್ನ ಬೆರಗೆಲ್ಲ ಬೆಸುಗೆಯ ಮೇಲಿತ್ತು. ಆಶ್‌ನ ಬುಡವನ್ನು ನಾಲ್ಕು ಬದಿಗೂ ತೋಪಡ ಹೊಡೆದು ಓರೆ ಮಾಡಿ, ಒಂದೊಂದು ಬದಿಗೆ ಒಂದೊಂದು ಎಬೊನಿ ತುಂಡು ಅಂಟಿಸಿ, ಮತ್ತೆ ದುಂಡಗೆ ಕೀಸುತ್ತಾರೆ. ಆಗ ಕಪ್ಪು ಬಿಳುಪಿನ ಗಡಿಯಲ್ಲಿ ನಾಲ್ಕು ಕಮಾನುಗಳು ತಾವಾಗಿ ಮೂಡುತ್ತವೆ. ಯಂತ್ರದ ಬೆಸುಗೆಯ ತುದಿ ಸೂಜಿಯಂತೆ ಚೂಪು, ಕೈಬೆಸುಗೆಯದು ಮೊಂಡು. ನೋಡಲು ಯಂತ್ರದ್ದೇ ಅಚ್ಚುಕಟ್ಟು; ಸ್ನೂಕರ್‌ನವರು ಬೆಲೆ ಕಟ್ಟುವುದು ಮೊಂಡಿಗೆ. ನಾಲ್ಕೂ ಕಮಾನು ಒಂದೇ ಎತ್ತರಕ್ಕೆ ನಿಲ್ಲಬೇಕಾದರೆ ತೋಪಡ ಒಂದೆಳೆಯೂ ಹೆಚ್ಚು ಓಡಿರಬಾರದು.

ಪೂಲ್ ಆಡುವ ಅಮೆರಿಕದಲ್ಲಿ ಈ ಹುಚ್ಚು ಇನ್ನೂ ಜೋರು. ರಷ್ಯಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಜಾರ್ಜ್ ಬಲಬುಷ್ಕ 1959ರಿಂದ 1975ರಲ್ಲಿ ತೀರಿಕೊಳ್ಳುವ ತನಕ ಮಾಡಿದ್ದು ಸುಮಾರು ಸಾವಿರ ಕ್ಯೂ. 1986ರ ‘ದಿ ಕಲರ್ ಆಫ್ ಮನಿ’ ಚಿತ್ರದಲ್ಲಿ ಬಲಬುಷ್ಕ ಎಂದು ತೋರಿಸಿದ್ದು ಬೇರೆ ಕಂಪನಿಯದು. ಅಸಲಿಗೆ ಎಲ್ಲಿ ಏಟಾದೀತೋ ಎಂಬ ಭಯವಂತೆ.

ಬಂಡೀಪುರದಲ್ಲಿ ಆನೆಗಳು ರಸ್ತೆ ದಾಟುವವರೆಗೆ ಕಾದೆವು. ಒಂದು ಕಾಲಕ್ಕೆ ಬಿಲಿಯರ್ಡ್ಸ್ ಚೆಂಡು ಇವುಗಳ ದಂತದಿಂದಲೇ ಆಗುತ್ತಿತ್ತು, ಒಂದು ದಂತಕ್ಕೆ ಬೆರಳೆಣಿಕೆಯಷ್ಟು. ದಂತದ ಜಾಗಕ್ಕೆ ಬಂದ ಪ್ಲಾಸ್ಟಿಕ್ಕನ್ನು ನಾನು ಹೊಗಳಿದ ಏಕೈಕ ಸಂದರ್ಭ ಅದು.

ಕಲ್ಲಹಟ್ಟಿಯ 36 ತಿರುವು ಹತ್ತಿ ಊಟಿ ಕ್ಲಬ್ಬಿನ ಗೇಟಿಗೆ ಬಂದೆವು. ಸದಸ್ಯರಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ನೆವಿಲ್ ಚೇಂಬರ್‌ಲೇನ್ ಎಂಬ ಸೇನಾಧಿಕಾರಿ (ಮುಂದೆ ಪ್ರಧಾನಿಯಾದವರು ಬೇರೆಯವರು) 1875ರಲ್ಲಿ ಜಬಲ್ಪುರದಲ್ಲಿ ಹುಟ್ಟುಹಾಕಿದ ಸ್ನೂಕರಿಗೆ 1882ರಲ್ಲಿ ಬರವಣಿಗೆಯ ನಿಯಮ ಸಿಕ್ಕಿದ್ದು ಈ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ. ಗೇಟಿನಾಚೆಯಿಂದಲೇ ಕತ್ತು ಚಾಚಿ ನೋಡಿದ ಅಳಿಯನ ಮುಖ ತಾಳುಬೆಟ್ಟದಲ್ಲಿ ನಿಂತ ಮಾದಪ್ಪನ ಪರಸೆಯವರದ್ದೇ.

ಪೇಟೆಯ ಒಂದು ಪಾರ್ಲರಿನಲ್ಲಿ ಆಸೆ ತೀರಿಸಿಕೊಂಡ. “ಕಣ್ಮುಚ್ಚಿ ಕೇಳಿ ಮಾವ” ಎಂದು ಅಲ್ಲಿನ ಬಾಡಿಗೆ ಕ್ಯೂನಲ್ಲಿ ಮೊದಲು ಹೊಡೆದ: ಸಪ್ಪೆಯ ಠಪ್ಪು. ಆಮೇಲೆ ತನ್ನದರಲ್ಲಿ: ಒಂದೇ ಗಟ್ಟಿ ಟಕ್, ಹಿಂದೆ ಅದುರಿಲ್ಲ. ಏಟು ಬಿದ್ದ ಜಾಗ ಅಂಗೈಗೆ ಗೊತ್ತಾಗುತ್ತದಂತೆ, ಚೆಂಡು ಎಲ್ಲಿಗೆ ಹೋದೀತೆಂದು ಕಣ್ಣಿಗಿಂತ ಮೊದಲು.

ಪಾರ್ಲರಿನವರು ಕ್ಯೂ ಇಸಿದುಕೊಂಡು ಬೆರಳ ಮೇಲೆ ತೂಗಿಸಿ ನೋಡಿ ಬೆಲೆ ಕೇಳಿದರು.

“ಕೊಡಲ್ಲ ಸರ್. ನನ್ನ ತೋಳಿನ ಅಳತೆಗೆ ಮಾಡಿಸಿದ್ದು.”

“ಅದೇ ಅಂದ್ಕೊಂಡೆ,” ಅಂದರು ಅವರು, “ತೂಕ ಒಂದಿಂಚು ಮುಂದಕ್ಕಿದೆ, ನನ್ನ ಕೈಗೆ ಆಗಲ್ಲ.”