ಮುಳವಾಡದ ಎರೆಯಲ್ಲಿ ಬಿತ್ತುವ ಕೈ

ವಿಜಯಪುರದಿಂದ ದಕ್ಷಿಣಕ್ಕೆ ಗದಗಿನ ದಾರಿ ಹಿಡಿದ ರೈಲು ಮುಳವಾಡದ ನಿಲ್ದಾಣವನ್ನು ಹಾದುಹೋಗುತ್ತದೆ. ಅಲ್ಲಿಳಿದ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ವಿಶಾಲವಾದ ಆಕಾಶ, ಅದರ ಕೆಳಗೆ ದಿಗಂತದವರೆಗೆ ಹಾಸಿದ ಕರಿಯ ಎರೆ. ಆಲಮಟ್ಟಿಯ ಜಲಾಶಯದಿಂದ ಕೃಷ್ಣೆಯ ನೀರನ್ನು ಮೇಲೆತ್ತುವ ಏತ ನೀರಾವರಿ ಯೋಜನೆಯು ಈ ಊರಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿತು. ಆದರೆ ಕಾಲುವೆಗಳ ಮಾತು ಹುಟ್ಟುವುದಕ್ಕಿಂತ ಬಹು ಹಿಂದಿನಿಂದಲೂ ಈ ಸೀಮೆ ಬದುಕಿದ್ದು ಹಿಂಗಾರಿ ಜೋಳದ ಮೇಲೆ.

ಹಿಂಗಾರಿ ಬೆಳೆ ನೆಲದಲ್ಲಿ ಉಳಿದ ತೇವವನ್ನೇ ಕುಡಿದು ಬೆಳೆಯತಕ್ಕದ್ದು. ಆದುದರಿಂದ ಬಿತ್ತನೆಗೆ ದೊರೆಯುವ ದಿನಗಳು ಕೆಲವೇ. ಆ ದಿನಗಳಲ್ಲಿ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುವವರು ಬಹುಮಟ್ಟಿಗೆ ಹೆಂಗಸರು. ಕೂರಿಗೆಯ ತಲೆಯ ಮೇಲೊಂದು ಮರದ ಬಟ್ಟಲು. ಅದರ ತಳದ ತೂತುಗಳಿಂದ ಕೊಳವೆಗಳು ತಾಳುಗಳವರೆಗೆ ಇಳಿದಿರುತ್ತವೆ. ಮುಷ್ಟಿಯಲ್ಲಿನ ಕಾಳು ಬೆರಳ ಸಂದಿಯಿಂದ ಎಡೆಬಿಡದೆ ಉದುರಬೇಕು, ಎಲ್ಲ ತೂತುಗಳಿಗೂ ಸಮನಾಗಿ. ಎತ್ತುಗಳು ಯಾರಿಗಾಗಿಯೂ ನಿಲ್ಲುವುದಿಲ್ಲ. ಕೈ ಒಂದು ಕ್ಷಣ ತಪ್ಪಿತೋ, ಸಾಲು ಅಲ್ಲಿ ಬೋಳು. ಆ ಬೋಳು ಸುಗ್ಗಿಯವರೆಗೂ ದಾರಿಹೋಕರಿಗೆಲ್ಲ ಕಾಣುತ್ತದೆ; ಮನೆಯ ವರ್ಷದ ರೊಟ್ಟಿಯೂ ಅಷ್ಟು ಕಡಿಮೆಯಾಗುತ್ತದೆ.

ಹೊಸದಾಗಿ ಕಲಿಯುವ ಹುಡುಗಿ ತನ್ನ ಬೆರಳುಗಳನ್ನೇ ನೋಡುತ್ತಾಳೆ. ನೋಡಿದಷ್ಟೂ ಮುಷ್ಟಿ ಬಿಗಿಯುತ್ತದೆ. ಬಿಗಿದುದು ತಟ್ಟನೆ ಸಡಿಲಿ ಕಾಳು ಗುಪ್ಪೆಯಾಗಿ ಬೀಳುತ್ತದೆ. ಇಂತಹ ಹೊತ್ತಿನಲ್ಲಿ ಅನುಭವಸ್ಥಳಾದ ಮುದುಕಿ ಹೇಳುವುದಿಷ್ಟೇ: “ಬೆರಳ ನೋಡಬ್ಯಾಡ ಯವ್ವಾ, ಬಟ್ಟಲ ನೋಡು.”

ವಿಜ್ಞಾನವು ಇದೇ ಮಾತಿಗೆ ಬೇರೊಂದು ದಾರಿಯಿಂದ ಬಂದು ಸೇರಿತು. 1998ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು, ಹಿಮದ ಮೇಲೆ ಜಾರುವುದನ್ನು ಅನುಕರಿಸುವ ಯಂತ್ರವೊಂದರ ಮೇಲೆ ಕಲಿಯುವವರನ್ನು ನಿಲ್ಲಿಸಿ ಪರೀಕ್ಷಿಸಿದರು. ತಮ್ಮ ಪಾದಗಳ ಮೇಲೆ ಗಮನವಿಟ್ಟವರಿಗಿಂತ, ಪಾದದ ಕೆಳಗಣ ಗಾಲಿಗಳ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಅಂಗಗಳನ್ನು ಬುದ್ಧಿಯಿಂದ ಆಳಹೊರಟರೆ ದೇಹದ ಸಹಜ ಹೊಂದಾಣಿಕೆಗೆ ಅಡ್ಡಿಯಾಗುತ್ತದೆಂಬುದು ಆಕೆಯ ಪಕ್ಷದ ವಿವರಣೆ. 2016ರಲ್ಲಿ ಆಕೆ ರೆಬೆಕಾ ಲ್ಯೂಥ್‌ವೇಟ್ ಅವರೊಡಗೂಡಿ ಉತ್ಸಾಹದ ಅಂಶವನ್ನೂ ಇದಕ್ಕೆ ಸೇರಿಸಿದರು. ‘ನನ್ನಿಂದಾದೀತು’ ಎಂಬ ಭರವಸೆ ಮತ್ತು ಸ್ವಂತ ಆಯ್ಕೆಗೆ ಒಂದಿಷ್ಟು ಎಡೆ ಇದ್ದಲ್ಲಿ ಕಲಿಕೆ ಬೇಗ ಬಲಿಯುತ್ತದಂತೆ.

ಬೈಗುಳದಿಂದಲೇ ಕೈ ಪಳಗುವುದೆಂದು ನಂಬಿದ ಹಿರಿಯರಿಗೆ ಯಾವ ಊರಲ್ಲಿಯೂ ಕೊರತೆಯಿಲ್ಲ; ಪಟ್ಟಣದ ಸಂಗೀತಪಾಠದ ಮನೆಗಳಲ್ಲಿಯಂತೂ ಇಲ್ಲವೇ ಇಲ್ಲ. ಜಾಣೆಯಾದವಳು ಮಾತ್ರ ಬದುವಿನ ಪಕ್ಕದ ಗಿಡ್ಡ ಸಾಲುಗಳನ್ನು ಹುಡುಗಿಗೆ ಬಿಟ್ಟುಕೊಟ್ಟು, ಕಾಳು ಸಮನಾಗಿ ಬಿದ್ದ ಕಡೆ “ಹಿಂಗ ನೋಡು” ಎಂದು ಬೆನ್ನು ತಟ್ಟುತ್ತಾಳೆ.

ಈಗ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರಗಳು ಬೀಜವನ್ನು ತಾವೇ ಅಳೆದು ಬಿಡುತ್ತವೆ. ಎತ್ತಿನ ಕೂರಿಗೆ ಉಳಿದ ಹೊಲಗಳಲ್ಲಿ, ಬಿತ್ತಿದ ವಾರದೊಳಗೆ ಎರೆಯ ಮೇಲೆ ಹಸುರು ಗೆರೆಗಳು ಮೂಡುತ್ತವೆ. ಮೊದಲ ಬಾರಿಗೆ ಬಿತ್ತಿದವಳು ಮನೆಮಂದಿ ಏಳುವ ಮುನ್ನವೇ ಬದುವಿಗೆ ಹೋಗಿ, ತನ್ನ ಸಾಲಿನಲ್ಲಿ ಬೋಳು ಎಷ್ಟಿದೆಯೆಂದು ಎಣಿಸಿ ಬರುತ್ತಾಳೆ.